ಅಪ್‌ಡೇಟ್: ನಾಯಿಮರಿ, ನಮ್ಮ ಮಾವ ಮತ್ತು ಸುತ್ತಿದ ಪೇಪರ್

ಹೋದ ತಿಂಗಳು ಕೇಳಿದ್ದೆ: ಎರಡು ತಿಂಗಳ ನಾಯಿಮರಿ ಹಾಲ್‌ನಲ್ಲೇ ಉಚ್ಚೆ ಹೊಯ್ಯುತ್ತದೆ, ಕೈಕಾಲು ಕಚ್ಚುತ್ತದೆ. ಮಾವ ಪೇಪರ್ ಸುತ್ತಿ ಬಾರಿಸುತ್ತಾರೆ, ಮೂತಿಯನ್ನು ಉಚ್ಚೆಗೆ ಉಜ್ಜುತ್ತಾರೆ. ನನಗೆ ಸರಿ ಕಾಣುತ್ತಿಲ್ಲ, ಏನು ಮಾಡಲಿ ಅಂತ. ಬೈದವರಿಗೂ ಬುದ್ಧಿ ಹೇಳಿದವರಿಗೂ ಥ್ಯಾಂಕ್ಸ್.

ಕ್ಯಾತ್ಸಂದ್ರದ ನಮ್ಮ ಮನೆಯಲ್ಲಿ ಜಗಳ ಪೂರ್ತಿ ಮುಗಿದಿಲ್ಲ. "ತೋಟದಲ್ಲಿ ಹತ್ತು ನಾಯಿ ಸಾಕಿದೀನಿ ಕಣಮ್ಮ, ಭಯ ಇಲ್ದಿದ್ರೆ ತಲೆ ಮೇಲೆ ಕೂರುತ್ತೆ" ಅನ್ನುತ್ತಾರೆ ಮಾವ. ತೋಟದ ನಾಯಿಗೆ ಹಾಲ್ ಎಲ್ಲಿತ್ತು, ಅಲ್ವಾ? ತೆಂಗಿನ ಬುಡವೇ ಬಾತ್‌ರೂಮು. ಇದನ್ನು ಬಾಯಿಬಿಟ್ಟು ಹೇಳಲಿಲ್ಲ ಬಿಡಿ.

ಲಸಿಕೆ ಹಾಕಿಸಲು ಹೋದಾಗ ಅವರನ್ನೂ ಕರೆದುಕೊಂಡು ಹೋದೆ. ಡಾಕ್ಟರು ಹೇಳಿದ್ದು ಇಷ್ಟು. ಉಚ್ಚೆ ಹೊಯ್ದು ಸ್ವಲ್ಪ ಹೊತ್ತಾದ ಮೇಲೆ ಹೊಡೆದರೆ, ಯಾಕೆ ಹೊಡೆದರು ಅಂತ ಮರಿಗೆ ಗೊತ್ತಾಗುವುದಿಲ್ಲ. ಕದ್ದು ಸೋಫಾ ಹಿಂದೆ ಹೊಯ್ಯುವುದನ್ನು ಕಲಿಯುತ್ತದೆ. ನಮ್ಮದು ಆಗಲೇ ಕಲಿತಿತ್ತು! ಈಗ ನಿದ್ದೆಯಿಂದ ಎದ್ದ ತಕ್ಷಣ, ಊಟ ಆದ ತಕ್ಷಣ, ಆಟ ಆದ ಮೇಲೆ ಹಿತ್ತಲಿಗೆ ಎತ್ತಿಕೊಂಡು ಹೋಗುತ್ತೇವೆ. ಅಲ್ಲಿ ಹೊಯ್ದರೆ ಕೂಡಲೇ ಬೇಯಿಸಿದ ಕೋಳಿ ಚೂರು. ದಿನಕ್ಕೆ ಏಳೆಂಟು ಸಲ ನೆಲ ಒರೆಸುತ್ತಿದ್ದವಳು ಈಗ ಒಂದೋ ಎರಡೋ ಸಲ ಒರೆಸುತ್ತೇನೆ.

ಕಚ್ಚುವುದು ಮಾತ್ರ ಹಾಗೇ ಇದೆ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಪೂರ್ತಿ ಬರಲು ಆರೇಳು ತಿಂಗಳು ತುಂಬಬೇಕಂತೆ. ಕಚ್ಚಿದರೆ ಆಟ ನಿಲ್ಲಿಸಿ ಸುಮ್ನೆ ಎದ್ದು ಹೋಗುತ್ತೇನೆ. ಮಗ ಕಿರುಚಿಕೊಂಡು ಓಡುತ್ತಾನೆ, ಮರಿಗೆ ಇನ್ನೂ ಜಾಸ್ತಿ ಖುಷಿ.

ಮಾವ ಪೇಪರ್ ಬಿಟ್ಟಿದ್ದಾರೆ. ನಿನ್ನೆ ಬೆಳಗ್ಗೆ ಹಿತ್ತಲಲ್ಲಿ ಜೇಬಿನಿಂದ ಕೋಳಿ ಚೂರು ತೆಗೆದು ಕೊಡುತ್ತಿದ್ದರು. ನನ್ನನ್ನು ನೋಡಿ "ಉಳಿದಿತ್ತು, ಅದಕ್ಕೆ" ಅಂದರು.