ವೀರ್ಯದ ‘ಲಿಕ್ವಿಫ್ಯಾಕ್ಷನ್’ ಅನ್ನುವುದಕ್ಕೆ ಹೆದರಿಸದ ಕನ್ನಡ ಪದ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡದವರಿಗಾಗಿ, ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯ ಬಗ್ಗೆ ಚಿಕ್ಕದೊಂದು ಕೈಪತ್ರ ಬರೆಯುತ್ತಿದ್ದೇನೆ. ಒಂದು ಪದಕ್ಕೆ ನಿಮ್ಮ ನೆರವು ಬೇಕು.

ವೀರ್ಯ ಪರೀಕ್ಷೆಯ ರಿಪೋರ್ಟಿನಲ್ಲಿ ‘ಲಿಕ್ವಿಫ್ಯಾಕ್ಷನ್ ಟೈಮ್’ ಅಂತ ಒಂದು ಸಾಲು ಇರುತ್ತದೆ. ವೀರ್ಯ ಹೊರಬಂದ ಕೂಡಲೇ ಹೆಪ್ಪಾಗುತ್ತದೆ. ಆಮೇಲೆ ಸಾಮಾನ್ಯವಾಗಿ 15ರಿಂದ 30 ನಿಮಿಷದೊಳಗೆ ತಾನಾಗಿಯೇ ಹರಿಯುವಷ್ಟು ಸಡಿಲವಾಗುತ್ತದೆ. 60 ನಿಮಿಷವಾದರೂ ಆಗದಿದ್ದರೆ ಮಾತ್ರ ಡಾಕ್ಟರು ಯೋಚಿಸುತ್ತಾರೆ. ಅಂದರೆ ಇದು ಆಗಲೇಬೇಕಾದ ಕೆಲಸ.

ಇದನ್ನು ‘ವೀರ್ಯ ನೀರಾಗುವುದು’ ಎಂದು ಬರೆಯೋಣವೆಂದರೆ, ಇಲ್ಲಿನ ಲೋಕಲ್ ಟ್ರೇನಿನ ಡಬ್ಬಿಗಳಲ್ಲಿ ಅಂಟಿಸುವ ‘ಗುಪ್ತರೋಗ’ದ ಚೀಟಿಗಳು ನೆನಪಾಗುತ್ತವೆ. ಹುಡುಗರನ್ನು ಹೆದರಿಸಲು ಅವರು ಹಿಡಿದಿರುವ ಮಾತೇ ಇದು! ‘ತೆಳುವಾಗುವುದು’ ಅಂದರೂ ಅದೇ ಕಥೆ. ‘ದ್ರವೀಕರಣ’ ಅಂದರೆ ಗ್ಯಾಸ್ ಸಿಲಿಂಡರ್ ಕಣ್ಣಮುಂದೆ ಬರುತ್ತದೆ.

ಪದ ಹುಡುಕುವವರಿಗೆ ಒಳಗಿನ ಕೆಲಸವೂ ಗೊತ್ತಿರಲಿ. ಹೆಪ್ಪು ಕಟ್ಟುವ ಸೆಮಿನೊಜೆಲಿನ್ ಎಂಬ ಪ್ರೋಟೀನು ಮುಖ್ಯವಾಗಿ ಸೆಮಿನಲ್ ವೆಸಿಕಲ್ ಎಂಬ ಜೋಡಿ ಗ್ರಂಥಿಗಳಿಂದ ಬರುತ್ತದೆ. ಅದನ್ನು ಕತ್ತರಿಸುವ ಕಿಣ್ವ (ಎನ್‌ಜೈಮ್) ಪ್ರಾಸ್ಟೇಟಿನದು. ಅದೇ ಪಿಎಸ್‌ಎ, ಅಂದರೆ ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜೆನ್. ಹೆಸರಿನಲ್ಲಿ ಆಂಟಿಜೆನ್ ಅಂತಿದ್ದರೂ ಮಾಡುವುದು ಕಿಣ್ವದ ಕೆಲಸ. ಪ್ರಾಸ್ಟೇಟಿನಲ್ಲಿರುವ ಸತು (ಜಿಂಕ್) ಈ ಕಿಣ್ವವನ್ನು ತಡೆದಿಟ್ಟಿರುತ್ತದೆ. ವೀರ್ಯ ಹೊರಬಂದಾಗ ಸತು ಹೋಗಿ ಸೆಮಿನೊಜೆಲಿನ್‌ಗೆ ಅಂಟಿಕೊಳ್ಳುತ್ತದೆ, ಕಿಣ್ವಕ್ಕೆ ಬಿಡುಗಡೆ. (ಸತುವನ್ನು ಶಾಲೆಯ ಪುಸ್ತಕದಂತೆ ‘ಧಾತು’ ಎಂದು ಬರೆಯಲು ಹೊರಟಿದ್ದೆ. ಆಡುಮಾತಿನಲ್ಲಿ ಧಾತು ಅಂದರೆ ವೀರ್ಯವೇ ಅಲ್ವಾ! ಸುಮ್ನೆ ‘ಲೋಹ’ ಅಂತ ಹಾಕಿದೆ.)

ಐವತ್ತು ದಾಟಿದವರು ಮಾಡಿಸುವ ರಕ್ತದ ಪಿಎಸ್‌ಎ ಪರೀಕ್ಷೆಯಲ್ಲಿ ಸಿಗುವುದೂ ಇದೇ ಕಿಣ್ವ. ವೀರ್ಯದಲ್ಲಿ ಇದು ಧಾರಾಳ, ರಕ್ತಕ್ಕೆ ಸೋರುವುದು ತೀರಾ ಸ್ವಲ್ಪ. ಆ ಸೋರಿಕೆ ಜಾಸ್ತಿಯಾದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ಗ್ರಂಥಿ ಊದಿಕೊಂಡರೂ, ಸೋಂಕಾದರೂ ಅಂಕಿ ಏರುತ್ತದೆ. ಪಿಎಸ್‌ಎಗಿಂತ ಮೊದಲು ರಕ್ತಪರೀಕ್ಷೆಯಲ್ಲಿ ನೋಡುತ್ತಿದ್ದದ್ದು ಆಸಿಡ್ ಫಾಸ್ಫಟೇಸ್, ಪ್ರಾಸ್ಟೇಟಿನದೇ ಇನ್ನೊಂದು ಕಿಣ್ವ. ಬಟ್ಟೆಯ ಮೇಲಿನ ಕಲೆ ವೀರ್ಯದ್ದಿರಬಹುದೇ ಎಂದು ಪೊಲೀಸ್ ಲ್ಯಾಬುಗಳು ಮೊದಲ ಸುತ್ತಿನಲ್ಲಿ ನೋಡುವುದು ಇದನ್ನೇ. ಇವೆರಡರ ಹೆಸರನ್ನು ಅನುವಾದಿಸುವ ಗೋಜಿಗೆ ಹೋಗಿಲ್ಲ. ರಿಪೋರ್ಟಿನಲ್ಲಿ ಇರುವ ಹೆಸರೇ ಓದುವವರಿಗೆ ಗುರುತು.

ಲಿಕ್ವಿಫ್ಯಾಕ್ಷನ್‌ಗೆ ಮಾತ್ರ ಕನ್ನಡ ಬೇಕೇ ಬೇಕು. ಸದ್ಯಕ್ಕೆ ‘ಹೆಪ್ಪು ಬಿಡುವುದು’ ಎಂದು ಬರೆದಿದ್ದೇನೆ. ‘ಹೆಪ್ಪು ಕರಗುವುದು’ ಅಂದರೆ ಹಾರ್ಟಿನ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತದ ನೆನಪಾಗುತ್ತದೆ. ಮೊಸರು ‘ನೀರೊಡೆಯಿತು’ ಅನ್ನುತ್ತೇವಲ್ಲ, ಆ ಮಾತೂ ಹೊಂದುತ್ತಿತ್ತು, ಆದರೆ ಅದರಲ್ಲಿ ಕೆಟ್ಟುಹೋಯಿತು ಎಂಬ ಧ್ವನಿ ಇದೆ. ಗಟ್ಟಿಯಾದದ್ದು ಕೆಡದೆ ತಾನೇ ಸಡಿಲವಾಗುವುದಕ್ಕೆ ನಿಮ್ಮ ಕಡೆ, ಧಾರವಾಡದಲ್ಲೋ ಕರಾವಳಿಯಲ್ಲೋ, ಬೇರೆ ಮಾತಿದೆಯೇ?