ಹೊಸ ಫೋರ್ ಬೈ ಫೋರ್ ತಗೊಂಡವರು ಕೇಳಿ, ಮಿಸ್ತ್ರಿ ಉತ್ತರಿಸುತ್ತಾರೆ

ಅಡ್ಮಿನ್: ಇವತ್ತು ಸಂಜೆ ನಮ್ಮ ಗುಂಪಿನ ಮಿಸ್ತ್ರಿ ಬಿಡುವು ಮಾಡಿಕೊಂಡಿದ್ದಾರೆ. ವಿಜಯಪುರದಲ್ಲಿ ಅವರ ಗ್ಯಾರೇಜು, ಕೆಲಸ ಪೂರ್ತಿ ಡೀಸೆಲ್‌ದೇ. ಹೊಸ ಗಾಡಿಯ ರನ್ನಿಂಗ್-ಇನ್, ಅಂದರೆ ಮೊದಮೊದಲು ಇಂಜಿನ್ ಪಳಗಿಸುವ ಬಗ್ಗೆ ಕೇಳಿ. ಗಾಡಿ ಯಾವುದು, ಎಷ್ಟು ಓಡಿದೆ, ಎಲ್ಲಿ ಓಡುತ್ತೆ ಅಂತ ಬರೆಯಿರಿ. ಫಾರ್ವರ್ಡ್ ಹಾಕಬೇಡಿ.

ಜಮಖಂಡಿ ಕಬ್ಬು: ನಮಸ್ಕಾರ ಮಿಸ್ತ್ರಿಯವರೇ. ಥಾರ್ ಡೀಸೆಲ್, ಹೋದ ವಾರ ಬಂತು. ಇಂಜಿನ್ ಫ್ರೀ ಆಗುವವರೆಗೆ 60 ದಾಟಬಾರದು ಅಂತಾರೆ. ಹೌದಾ?

ಮಿಸ್ತ್ರಿ: ನಮಸ್ಕಾರ. ಸ್ಪೀಡ್ ಬಿಡಿ, ಇಂಜಿನ್ ಮೇಲೆ ಎಷ್ಟು ಭಾರ ಬೀಳ್ತಿದೆ ನೋಡಿ. ಟಾಪ್ ಗೇರಿನಲ್ಲಿ 40ಕ್ಕೆ ಗುದ್ದಾಡಿಸಿಕೊಂಡು ಹೋಗುವುದು 80ಕ್ಕೆ ಹಗುರವಾಗಿ ಹೋಗುವುದಕ್ಕಿಂತ ಕೆಟ್ಟದ್ದು. ಮೊದಲ 1,000 ಕಿ.ಮೀ. ಆಕ್ಸಿಲರೇಟರ್ ಪೂರ್ತಿ ತುಳಿಯಬೇಡಿ, ಟ್ರಾಲಿ ಎಳೆಸಬೇಡಿ. ತಾಸುಗಟ್ಟಲೆ ಒಂದೇ ಸ್ಪೀಡಿನಲ್ಲಿ ಹೋಗಬೇಡಿ, ಏರಿಸಿ ಇಳಿಸಿ. ಪಿಸ್ಟನ್ ರಿಂಗು ಸಿಲಿಂಡರ್ ಗೋಡೆಗೆ ಕೂರುವುದು ಒಳಗಿನ ಗ್ಯಾಸಿನ ಒತ್ತಡದಿಂದ. ತೀರಾ ಮುದ್ದು ಮಾಡಿದರೆ ಅದು ಕೂರುವುದೇ ಇಲ್ಲ. ಬ್ರೇಕ್ ಪ್ಯಾಡೂ ಹೊಸದು, ಮೊದಮೊದಲು ಧಡಕ್ಕನೆ ಒತ್ತಬೇಡಿ. ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ.

ಮುಧೋಳ ಮಾಮಾ: ಪುಸ್ತಕ ಯಾರು ಓದ್ತಾರ್ರೀ! ನಮ್ಮ ಕಮಾಂಡರ್ ಜೀಪು ಬಂದ ದಿನವೇ ಹದಿನಾರು ಮಂದಿ ಹತ್ತಿ ಜಾತ್ರೆಗೆ ಹೋಗಿದ್ದೆವು. ಏನೂ ಆಗಲಿಲ್ಲ.

ಮಿಸ್ತ್ರಿ: ಅದಕ್ಕೆ ಟರ್ಬೋ ಇರಲಿಲ್ಲ, ಮಸಿ ಹಿಡಿಯುವ ಡಿಪಿಎಫ್ ಇರಲಿಲ್ಲ. ಕರಿ ಹೊಗೆ ಬಿಟ್ಟರೂ ಕೇಳುವವರಿರಲಿಲ್ಲ.

ಇಂಡಿ ನಿಂಬೆ ತೋಟ: ಮಿಸ್ತ್ರಿ ಕಾಕಾ, ನಮ್ಮದು ಬಿಎಸ್6 ಡೀಸೆಲ್ ಫೋರ್ ಬೈ ಫೋರ್, 1,400 ಕಿ.ಮೀ. ಆಗಿದೆ. ಮನೆಯಿಂದ ತೋಟ 4 ಕಿ.ಮೀ., ದಿನಕ್ಕೆ ಎರಡು ಮೂರು ಸಲ ಹೋಗಿ ಬರುವುದು, ಅಷ್ಟೇ ಓಡಾಟ. ಇಂಜಿನ್ ಚೆನ್ನಾಗಿ ಪಳಗಲಿ ಅಂತ ದಿನಾ ಬೆಳಿಗ್ಗೆ 20 ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುತ್ತೇನೆ. 40 ದಾಟಿಸಿಲ್ಲ. ಒಂದು ಹನಿ ಆಯಿಲ್ ಕುಡಿದಿಲ್ಲ, ಉಲ್ಟಾ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲೇ ಇದೆ. ಒಳ್ಳೇದೇ ಅಲ್ವಾ? ಮೀಟರಿನಲ್ಲಿ ಒಂದು ಹಳದಿ ದೀಪ ಮಾತ್ರ ಬಂದು ಬಂದು ಹೋಗುತ್ತೆ.

ಮಿಸ್ತ್ರಿ: ತಮ್ಮಾ, ಒಳ್ಳೇದಲ್ಲ. ಗಾಡಿ ಸಮ ನೆಲದಲ್ಲಿ ನಿಲ್ಲಿಸು. ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಗೇಜ್ ಕಡ್ಡಿ ಒರೆಸಿ ಮತ್ತೆ ಅದ್ದಿ ನೋಡು. ಆ ಆಯಿಲನ್ನು ಬೆರಳಿಗೆ ಹಚ್ಚಿ ಮೂಸು. ಹಳದಿ ದೀಪದ ಚಿತ್ರ ಹೇಗಿದೆ? ಡಬ್ಬಿಯೊಳಗೆ ಚುಕ್ಕೆ ಇದ್ದ ಹಾಗಾ?

ಖಾನಾಪುರ ಮಳೆ: ಜಿಮ್ನಿ ನಮ್ಮದು. ಮಳೆಗಾಲದಲ್ಲಿ ಚೋರ್ಲಾ ಘಾಟ್ ಪೂರ್ತಿ 4ಎಚ್ (ನಾಲ್ಕೂ ಗಾಲಿ ಎಳೆಯುವ ಗೇರು) ಹಾಕಿಕೊಂಡೇ ಹೋಗ್ತೀನಿ. ಹಿಡಿತ ಸೂಪರ್. ತೊಂದರೆ ಇಲ್ಲ ತಾನೆ?

ಚೋರ್ಲಾ ಸವಾರ: ಡಾಂಬರ್ ಮೇಲೆ 4ಎಚ್ ಹಾಕಿದರೆ ಗೇರ್‌ಬಾಕ್ಸ್ ಹೋಗುತ್ತೆ ಅಂತ ಸಣ್ಣ ಹುಡುಗರಿಗೂ ಗೊತ್ತು.

ಖಾನಾಪುರ ಮಳೆ: ಮಳೆಯಲ್ಲಿ ಡಾಂಬರ್ ಜಾರುತ್ತೆ. ನೀವು ಥಾರ್‌ನವರು ಘಾಟ್‌ನಲ್ಲಿ ಹಾಡು ಹಚ್ಚಿಕೊಂಡು ನಿಂತು ಫೋಟೋ ಹೊಡೆಸುವವರು, ನಿಮಗೇನು ಗೊತ್ತು.

ಚೋರ್ಲಾ ಸವಾರ: ಫೋಟೋ ಹೊಡೆಸೋಕೂ ಗಾಡಿ ಗಾಡಿ ಥರ ಇರಬೇಕಲ್ಲ. ನಿಮ್ಮದು ಬೆಂಕಿಪೊಟ್ಟಣ.

ಹುಕ್ಕೇರಿ ಹೊಸಬ: ಮುಂದೆ ಬುಲ್ ಬಾರ್ ಹಾಕಿಸಬಹುದಾ ಸರ್?

ಇಂಡಿ ನಿಂಬೆ ತೋಟ: ನೋಡಿದೆ ಕಾಕಾ. ಡೀಸೆಲ್ ವಾಸನೆ ಬರ್ತಿದೆ. ಆಯಿಲ್ ಅಂಟೇ ಇಲ್ಲ, ಬೆರಳಿನಿಂದ ನೀರಿನ ಹಾಗೆ ಇಳಿಯುತ್ತೆ. ಚಿತ್ರದಲ್ಲಿ ಡಬ್ಬಿ, ಚುಕ್ಕೆ ಎರಡೂ ಇವೆ.

ಮಿಸ್ತ್ರಿ: ಹಾಗಾದರೆ ಇನ್ನು ಸ್ಟಾರ್ಟ್ ಮಾಡಬೇಡ. ಯಾಕೆ ಅಂತ ಹೇಳ್ತೀನಿ, ಉಳಿದವರೂ ಓದಿ.

ಬಿಎಸ್6 ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಡಿಪಿಎಫ್ ಅಂತ ಜಾಲರಿ ಇರುತ್ತೆ. ಮಸಿ ಅಲ್ಲಿ ಕೂರುತ್ತೆ. ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟುಕೊಳ್ಳಬೇಕು. ಸುಡಲು ತುಂಬಾ ಬಿಸಿ ಬೇಕು. ಆ ಬಿಸಿ ಬರಲಿ ಅಂತ ಎಷ್ಟೋ ಗಾಡಿಗಳಲ್ಲಿ ಸಿಲಿಂಡರಿಗೇ ತಡವಾಗಿ ಒಂದಿಷ್ಟು ಹೆಚ್ಚಿನ ಡೀಸೆಲ್ ಚಿಮ್ಮಿಸುತ್ತಾರೆ. ಅದು ಅಲ್ಲಿ ಉರಿಯುವುದಿಲ್ಲ, ಹೊಗೆಯ ಜೊತೆ ಮುಂದೆ ಹೋಗಿ ಉರಿಯುತ್ತೆ. ಸ್ವಲ್ಪ ಮಾತ್ರ ಗೋಡೆ ಹಿಡಿದು ಕೆಳಗೆ ಆಯಿಲ್ ಚೇಂಬರಿಗೆ ಇಳಿಯುತ್ತೆ. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಇದು ಲೆಕ್ಕಕ್ಕಿಲ್ಲ. ನಿನ್ನದು 4 ಕಿ.ಮೀ.ಗೆ ಆಫ್ ಆಗುತ್ತೆ. ಸುಡಲು ಶುರು ಮಾಡುತ್ತೆ, ಅರ್ಧಕ್ಕೆ ನಿಲ್ಲುತ್ತೆ, ಸಂಜೆ ಮತ್ತೆ ಶುರು. ಪ್ರತಿ ಸಲವೂ ಡೀಸೆಲ್ ಕೆಳಗಿಳಿಯುತ್ತೆ. ನಿನ್ನ ಗೇಜ್ ಕಡ್ಡಿಯಲ್ಲಿ ಹೆಚ್ಚಾಗಿರುವುದು ಆಯಿಲ್ ಅಲ್ಲ, ಡೀಸೆಲ್.

ತೆಳ್ಳಗಾದ ಆಯಿಲ್ ಬೇರಿಂಗನ್ನೂ ಟರ್ಬೋವನ್ನೂ ಕಾಯುವುದಿಲ್ಲ. ಅದೂ ರಿಂಗು ಕೂರುವ ಹೊತ್ತಿನಲ್ಲಿ. ಮಟ್ಟ ತೀರಾ ಏರಿದರೆ ಆ ಆಯಿಲನ್ನೇ ಇಂಜಿನ್ ಎಳೆದುಕೊಂಡು ಉರಿಸಲು ಶುರು ಮಾಡಬಹುದು. ಆಮೇಲೆ ಕೀ ತಿರುಗಿಸಿದರೂ ನಿಲ್ಲಲ್ಲ.

ಬೆಳಗಿನ 20 ನಿಮಿಷ ಇವತ್ತಿಗೇ ಬಿಡು. ಭಾರವಿಲ್ಲದೆ ಉರಿದರೆ ಮಸಿ ಜಾಸ್ತಿ, ಬಿಸಿ ಕಡಿಮೆ, ಸಿಲಿಂಡರ್ ಗೋಡೆ ಗಾಜಿನ ಥರ ನುಣುಪಾಗುತ್ತೆ. ಅರ್ಧ ಒಂದು ನಿಮಿಷ ಸಾಕು, ಆಮೇಲೆ ನಿಧಾನವಾಗಿ ಹೊರಡು, ಓಡುತ್ತಲೇ ಬಿಸಿಯಾಗಲಿ.

ಈಗ ಗಾಡಿಯನ್ನು ಸರ್ವೀಸ್ ಸೆಂಟರಿಗೆ ಎತ್ತಿಸಿಕೊಂಡು ಹೋಗು. ಆಯಿಲ್, ಫಿಲ್ಟರ್ ಬದಲಿಸಲಿ. ಸ್ಕ್ಯಾನರ್ ಹಚ್ಚಿ ಡಿಪಿಎಫ್‌ನಲ್ಲಿ ಮಸಿ ಎಷ್ಟಿದೆ ನೋಡಿ, ಅಲ್ಲೇ ಸುಡಿಸಲಿ. ಆಮೇಲೆ ವಾರಕ್ಕೊಮ್ಮೆ ಝಳಕಿಗೆ ಬಂದು ಸೊಲ್ಲಾಪುರ ಹೆದ್ದಾರಿ ಹಿಡಿ. ಮುಕ್ಕಾಲು ತಾಸು, ಇಂಜಿನ್ 2,000 ಸುತ್ತಿನ ಮೇಲಿರಲಿ. ಸುಡುವಾಗ ಫ್ಯಾನ್ ಜೋರಾಗುತ್ತೆ, ನಿಂತಾಗ ಐಡಲ್ ಸ್ವಲ್ಪ ಏರುತ್ತೆ, ಬಿಸಿ ವಾಸನೆ ಬರುತ್ತೆ. ಆಗ ಮನೆ ಬಂದರೂ ಆಫ್ ಮಾಡಬೇಡ, ಇನ್ನೊಂದು ಸುತ್ತು ಹೋಗಿ ಬಾ.

ಅಥಣಿ ಡೀಸೆಲ್: ಇಷ್ಟೆಲ್ಲ ಯಾಕೆ? ಡೀಸೆಲ್‌ಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಬೈಕಿಗೆ ಹಾಕ್ತಾರಲ್ಲ, ಅದು) ಹಾಕಿ, ಇಂಜಿನ್ ಬೆಣ್ಣೆ ಆಗುತ್ತೆ. ವಿಡಿಯೋ ಇದೆ, ಹಾಕ್ಲಾ?

ಮಿಸ್ತ್ರಿ: ಬೇಡ. 2ಟಿ ಬೂದಿ ಡಿಪಿಎಫ್‌ನಲ್ಲಿ ಕೂರುತ್ತೆ. ಮಸಿ ಸುಡುತ್ತೆ, ಬೂದಿ ಸುಡಲ್ಲ.

ಅಥಣಿ ಡೀಸೆಲ್: ಹಾಗಾದರೆ ಡಿಪಿಎಫ್ ಕಿತ್ತು ಪೈಪ್ ಹಾಕಿಸಿದರೆ ಮುಗೀತಲ್ಲ.

ಮಿಸ್ತ್ರಿ: ಕಾನೂನಿಗೆ ವಿರುದ್ಧ, ವಾರಂಟಿಯೂ ಹೋಗುತ್ತೆ. ನನ್ನ ಗ್ಯಾರೇಜಿನಲ್ಲಿ ಮಾಡಲ್ಲ.

ಬಾಗೇವಾಡಿ ತೊಗರಿ: ಸರ್, ಇದು ಫಾರ್ವರ್ಡ್ ಅಲ್ಲ, ಉಪಯುಕ್ತ ಮಾಹಿತಿ. ಡೀಸೆಲ್ ಗಾಡಿಯ ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರಾವಣ ಅಂದರೆ ನೀರು ಮತ್ತು ಯೂರಿಯಾ. ಮನೆಯಲ್ಲಿ ಯೂರಿಯಾ ಚೀಲ ಇದ್ದೇ ಇರುತ್ತೆ. ಬೋರಿನ ನೀರಿಗೆ ಕಲಸಿ, ಬಟ್ಟೆಯಲ್ಲಿ ಸೋಸಿ ಹಾಕಿದರೆ ದುಡ್ಡು ಉಳಿಯುತ್ತೆ. ಎಲ್ಲ ರೈತರಿಗೂ ತಲುಪಿಸಿ.

ಮಿಸ್ತ್ರಿ: ಯಾರಿಗೂ ತಲುಪಿಸಬೇಡಿ! ಡಿಇಎಫ್‌ನಲ್ಲಿ 32.5% ಶುದ್ಧ ಯೂರಿಯಾ, ಉಳಿದದ್ದು ಲವಣ ತೆಗೆದ ನೀರು. ನಿಮ್ಮ ಚೀಲದ ಯೂರಿಯಾಗೆ ಬೇವಿನೆಣ್ಣೆ ಲೇಪ ಇದೆ, 2015ರಿಂದ ಸರ್ಕಾರವೇ ಕಡ್ಡಾಯ ಮಾಡಿದೆ. ಆ ಎಣ್ಣೆ, ನಮ್ಮ ಬೋರಿನ ಸವಳು ನೀರಿನ ಉಪ್ಪು ಎರಡೂ ಒಳಗೆ ಹೋದರೆ ಇಂಜೆಕ್ಟರ್ ಕಟ್ಟಿಕೊಳ್ಳುತ್ತೆ, ಹೊಗೆ ಶುದ್ಧ ಮಾಡುವ ಕ್ಯಾಟಲಿಸ್ಟ್ ಹಾಳಾಗುತ್ತೆ. ಬಟ್ಟೆಯಲ್ಲಿ ಉಪ್ಪು ಸೋಸಲು ಬರುತ್ತಾ? ಹೊಲಕ್ಕೆ ಹಾಕುವುದನ್ನು ಹೊಲಕ್ಕೇ ಹಾಕಿ.

ಬಾಗೇವಾಡಿ ತೊಗರಿ: ಮರ್ಯಾದೆಯಿಂದ ಮಾತಾಡಿ. ಕಂಪನಿಯವರ ಹತ್ತಿರ ಕಮಿಷನ್ ತಗೊಳ್ತೀರೇನೋ.

ಮುಧೋಳ ಮಾಮಾ: ಏ, ಅವರು ಪುಕ್ಕಟೆ ಹೇಳ್ತಿದ್ದಾರೆ. ಕಮಿಷನ್ ಎಲ್ಲಿಂದ ಬಂತು?

ಬಾಗೇವಾಡಿ ತೊಗರಿ: ನೀವು ಹದಿನಾರು ಮಂದಿ ಹತ್ತಿಸಿದವರು ಸುಮ್ನಿರಿ.

ಖಾನಾಪುರ ಮಳೆ: ಮಿಸ್ತ್ರಿಯವರೇ, ನನ್ನ 4ಎಚ್ ಪ್ರಶ್ನೆ ಹಾಗೇ ಉಳಿಯಿತು.

ಮಿಸ್ತ್ರಿ: ಇಬ್ಬರೂ ಅರ್ಧರ್ಧ ಸರಿ. ಜಿಮ್ನಿ, ಥಾರ್ ಎರಡರಲ್ಲೂ 4ಎಚ್ ಹಾಕಿದರೆ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಒಂದೇ ವೇಗಕ್ಕೆ ಕಟ್ಟಿಬೀಳುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗೆ ಜಾಸ್ತಿ ದೂರ. ರಾಡಿಯಲ್ಲಾದರೆ ಗಾಲಿ ಜಾರಿ ಹೊಂದಿಸಿಕೊಳ್ಳುತ್ತೆ. ಗಟ್ಟಿ ಡಾಂಬರಿನಲ್ಲಿ ಜಾರಲ್ಲ, ಆ ತಿರುಚು ಟ್ರಾನ್ಸ್‌ಫರ್ ಕೇಸ್ (ಮುಂದೆ ಹಿಂದೆ ಶಕ್ತಿ ಹಂಚುವ ಪೆಟ್ಟಿಗೆ) ಮೇಲೆ ಬೀಳುತ್ತೆ. ಕೆಮ್ಮಣ್ಣು ಹರಿದು ಬಂದ ಜಾಗ, ನೀರು ನಿಂತ ಜಾಗದಲ್ಲಿ ಹಾಕಿ, ದಾಟಿದ ಮೇಲೆ ತೆಗೆಯಿರಿ. ಘಾಟ್ ಪೂರ್ತಿ ಬೇಡ. ಲಿವರ್ ಬಿಗಿದರೆ ಜಗ್ಗಬೇಡಿ, ನೇರವಾಗಿ ಸ್ವಲ್ಪ ರಿವರ್ಸ್ ಹೋಗಿ, ಬಿಡುತ್ತೆ. ಒಣ ಕಾಲದಲ್ಲೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಸ್ವಲ್ಪ ದೂರ 4ಎಚ್ ಓಡಿಸಿ, ಒಳಗೆ ಎಲ್ಲ ಕಡೆ ಆಯಿಲ್ ಹರಿಯಲಿ.

ಚೋರ್ಲಾ ಸವಾರ: ಹೇಳಿದೆನಲ್ಲ.

ಖಾನಾಪುರ ಮಳೆ: ಅರ್ಧ ಅಂದರು, ಪೂರ್ತಿ ಓದಿ.

ಸಿಂದಗಿ ಎರೆ: ಸ್ಕಾರ್ಪಿಯೋ-ಎನ್, 700 ಕಿ.ಮೀ. ಎರೆ ಹೊಲಕ್ಕೆ ಹೋಗಿ ಬಂದ ಮೇಲೆ 70ಕ್ಕೆ ಸ್ಟೀರಿಂಗ್ ನಡುಗುತ್ತೆ. ಅಲೈನ್‌ಮೆಂಟ್ ಮಾಡಿಸಿದೆ, ಹೋಗಲಿಲ್ಲ.

ಮಿಸ್ತ್ರಿ: ರಿಮ್ಮಿನ ಒಳಮೈಗೆ ಕೈ ಹಾಕಿ ನೋಡಿ. ಎರೆ ಮಣ್ಣು ಒಂದೇ ಕಡೆ ಒಣಗಿ ಕಲ್ಲಾಗಿರುತ್ತೆ. ನೆನೆಸಿ ಕೆರೆದು ತೆಗೆಯಿರಿ. ಹೊಲದಲ್ಲಿ ಸಿಕ್ಕಿಬಿದ್ದಾಗ ಕ್ಲಚ್ ಅರ್ಧ ಒತ್ತಿ ಗಾಲಿ ಗಿರಗಿರ ತಿರುಗಿಸಬೇಡಿ, ಹೊಸ ಕ್ಲಚ್ ಸುಟ್ಟು ಹೋಗುತ್ತೆ. ನಿಲ್ಲಿಸಿ, 4ಎಲ್ (ನಾಲ್ಕೂ ಗಾಲಿಗೆ ವೇಗ ಕಡಿಮೆ, ಎಳೆತ ಜಾಸ್ತಿ) ಹಾಕಿ, ನಿಧಾನವಾಗಿ ಬನ್ನಿ.

ಗೋಕಾಕ ಗಾಡಿ: ಸರ್, ಹೊಸ ಗಾಡಿ 60ರ ಮೇಲೆ ಓಡಿಸಬಹುದಾ?

ಮಿಸ್ತ್ರಿ: ಮೇಲೆ ಓದಿ.

ಹುಕ್ಕೇರಿ ಹೊಸಬ: ಬುಲ್ ಬಾರ್?

ರಾಮದುರ್ಗ: 60ರ ಪ್ರಶ್ನೆ ನನ್ನದೂ ಇದೆ, ಪೆಟ್ರೋಲ್ ಗಾಡಿ.

ಮಿಸ್ತ್ರಿ: ಮೇಲೆ. ಓದಿ.

ಸಿಂದಗಿ ಎರೆ: ಸೇರು ಲೆಕ್ಕದಲ್ಲಿ ಮಣ್ಣು ಬಂತು! ನಡುಕ ಹೋಯಿತು. ಅಲೈನ್‌ಮೆಂಟ್ ದುಡ್ಡು ಮಾತ್ರ ನೀರಿಗೆ ಹೋಯಿತು.

ಇಂಡಿ ನಿಂಬೆ ತೋಟ: ಕಾಕಾ, ಸರ್ವೀಸ್ ಸೆಂಟರಿಗೆ ಫೋನ್ ಮಾಡಿದೆ. ಆಯಿಲ್ ಜಾಸ್ತಿ ಇದ್ದರೆ ಸ್ವಲ್ಪ ಕೆಳಗೆ ಬಿಟ್ಟು ಕೊಡ್ತೀವಿ, ವಾರಂಟಿಗೆ ಬರಲ್ಲ ಅಂತಾರೆ.

ಮಿಸ್ತ್ರಿ: ಸ್ವಲ್ಪ ಬಿಟ್ಟರೆ ಉಳಿದದ್ದೂ ಡೀಸೆಲ್ ಬೆರೆತದ್ದೇ. ಒಪ್ಪಬೇಡ. ಈಗಲೇ ಗೇಜ್ ಕಡ್ಡಿಯ ಮಟ್ಟ, ದೀಪ, ಕಿ.ಮೀ. ಮೂರರ ಫೋಟೋ ತೆಗೆದಿಡು. ‘ಆಯಿಲ್ ಮಟ್ಟ ಮ್ಯಾಕ್ಸ್ ಮೇಲಿದೆ, ಡೀಸೆಲ್ ವಾಸನೆ ಇದೆ, ಡಿಪಿಎಫ್ ದೀಪ ಬರುತ್ತಿದೆ’ ಅಂತ ಜಾಬ್ ಕಾರ್ಡಿನಲ್ಲಿ ಹೀಗೇ ಬರೆಸು. ಅವರು ‘ಜನರಲ್ ಚೆಕಪ್’ ಅಂತ ಬರೆದರೆ ಸಹಿ ಹಾಕಬೇಡ. ಇಂಜೆಕ್ಟರ್ ಸೋರ್ತಿದೆಯಾ ಅಂತಲೂ ಪರೀಕ್ಷೆ ಮಾಡಿಸು, ಅದರಿಂದಲೂ ಆಯಿಲ್‌ಗೆ ಡೀಸೆಲ್ ಇಳಿಯುತ್ತೆ. ಅದು ಇದ್ದರೆ ವಾರಂಟಿಯಲ್ಲೇ ಕೇಳು. ಸ್ಕ್ಯಾನ್ ರಿಪೋರ್ಟಿನ ಪ್ರತಿ ಕೈಯಲ್ಲಿ ಬಂದ ಮೇಲೆ ಇಲ್ಲಿ ಹಾಕು.

ಅಥಣಿ ಡೀಸೆಲ್: 2ಟಿ ವಿಡಿಯೋ ಬೇಕಾದವರು ನನಗೆ ಬೇರೆಯಾಗಿ ಮೆಸೇಜ್ ಮಾಡಿ.

ಅಡ್ಮಿನ್: ಅಥಣಿಯವರನ್ನು ಒಂದು ವಾರ ಮ್ಯೂಟ್ ಮಾಡಿದ್ದೇನೆ. ಇಂಡಿಯವರ ರಿಪೋರ್ಟ್ ಬರುವವರೆಗೆ ಹೊಸ ಪ್ರಶ್ನೆ ಬೇಡ.