ಅಪ್‌ಡೇಟ್: ಮೈಸೂರಿಗೆ ಬಂದ ನಂತರ ಡಾಲರ್ ಉಳಿತಾಯ ಮತ್ತು ಮೆಡಿಕೇರ್

ಅಮೆರಿಕದ ಪೌರತ್ವ ಹಾಗೂ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇರುವ ನಾವು ದಂಪತಿ ನಿವೃತ್ತರಾಗಿ ಮೈಸೂರಿಗೆ ಬಂದಿದ್ದೇವೆ. ಎನ್‌ಆರ್‌ಇ ಎಂಬ ಅನಿವಾಸಿಗಳ ಬ್ಯಾಂಕ್ ಖಾತೆಯ ಉಳಿತಾಯವನ್ನು ಏನು ಮಾಡಬೇಕು, ಹಿರಿಯರಿಗಿರುವ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ ವೈದ್ಯರ ಖರ್ಚು ನೋಡಿಕೊಳ್ಳುವ ಪಾರ್ಟ್ ಬಿ ಬಿಡಬಹುದೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು.

ಎನ್‌ಆರ್‌ಇ ಖಾತೆಯನ್ನೇ ಮುಂದುವರಿಸುವ ಸಲಹೆ ನಡೆಯಲಿಲ್ಲ. ಕಾಯಂ ಆಗಿ ನೆಲೆಸಲು ಬಂದವರು ವಿದೇಶಿ ವಿನಿಮಯ ಕಾಯ್ದೆ ಫೆಮಾ ಪ್ರಕಾರ ನಿವಾಸಿಗಳಾಗುವುದರಿಂದ ಅದು ಬದಲಾಗಲೇಬೇಕೆಂದು ಬ್ಯಾಂಕಿನವರು ವಿವರಿಸಿದರು. ಕೈಹಿಡಿದದ್ದು ಆರ್‌ಎಫ್‌ಸಿ ಎಂಬ, ಮರಳಿ ಬಂದವರ ವಿದೇಶಿ ಕರೆನ್ಸಿ ಖಾತೆ ತೆರೆಯಿರಿ ಎಂದವರ ಮಾತು: ಹಣ ಡಾಲರಿನಲ್ಲೇ ಇರುತ್ತದೆ, ಬೇಕಾದಾಗ ರೂಪಾಯಿ ಮಾಡಿಕೊಳ್ಳಬಹುದು. ಆದರೆ ಇಲ್ಲಿನ ಎಲ್ಲ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆ 10,000 ಡಾಲರ್ ದಾಟಿದರೂ ಅಮೆರಿಕಕ್ಕೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕು, ಮರೆಯಬೇಡಿ.

ನಿಜಕ್ಕೂ ಅಚ್ಚರಿ ತಂದದ್ದು ಉಭಯ ದೇಶಗಳ ತೆರಿಗೆ ಒಪ್ಪಂದದ 20ನೇ ವಿಧಿ. ಅದರಂತೆ ಸೋಶಿಯಲ್ ಸೆಕ್ಯುರಿಟಿ (ಅಮೆರಿಕ ಸರ್ಕಾರದ ಪಿಂಚಣಿ) ಹಣಕ್ಕೆ ತೆರಿಗೆ ಹಾಕುವ ಹಕ್ಕು ಅಮೆರಿಕಕ್ಕೆ ಮಾತ್ರ.

ಮೆಡಿಕೇರ್ ಇಲ್ಲಿನ ಆಸ್ಪತ್ರೆಯ ಖರ್ಚು ಕೊಡುವುದಿಲ್ಲ. ಆದರೂ ಪಾರ್ಟ್ ಬಿ ಬಿಟ್ಟು ಮುಂದೆ ಮತ್ತೆ ಸೇರಿದರೆ, ಅದರಿಂದ ಹೊರಗಿದ್ದ ಪ್ರತಿ 12 ತಿಂಗಳಿಗೆ ಕಂತು ಶೇ. 10ರಷ್ಟು ಏರುವುದರಿಂದ, ಮಕ್ಕಳು ಅಲ್ಲಿರುವ ನಾವು ಅದನ್ನು ಉಳಿಸಿಕೊಂಡೆವು. ಇಲ್ಲಿಗೆ ಬೇರೆ ಆರೋಗ್ಯ ವಿಮೆ ಮಾಡಿಸಿದ್ದೇವೆ. ಮೊದಲೇ ಇರುವ ಕಾಯಿಲೆಗಳಿಗೆ 3 ವರ್ಷದವರೆಗೂ ಕಾಯಬೇಕಾಗಬಹುದಾದ್ದರಿಂದ, ಬಂದ ಕೂಡಲೇ ಮಾಡಿಸುವುದು ಒಳ್ಳೆಯದು.